ಹಾಜರಿ ಪುಸ್ತಕ ಮತ್ತು ಬೆಳಗಿನ ಬಸ್ಸು

ಪದವಿ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ನಿಯಮ ಸರಿಯಾದದ್ದೇ, ಪಾಠ ಕೇಳದೆ ಗೈಡು ನಂಬಿ ಪರೀಕ್ಷೆ ಬರೆದರೆ ವಿದ್ಯೆ ಹತ್ತದು. ಆದರೆ ಹಳ್ಳಿಯಿಂದ ಬರುವ ಮಕ್ಕಳ ಪಾಡನ್ನೂ ನೋಡಬೇಕು. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಬೆಂಗಳೂರು–ಮೈಸೂರು ರೈಲುಮಾರ್ಗವಾದರೂ ಇದೆ. ಕೆ.ಆರ್. ಪೇಟೆ, ನಾಗಮಂಗಲ ಪಟ್ಟಣಗಳಿಗೆ ಬಸ್ಸೇ ಗತಿ. ಬೆಳಗಿನ ಬಸ್ಸೊಂದು ತಪ್ಪಿದರೆ ಮೊದಲ ಎರಡು ಪೀರಿಯಡ್ಡು ಹೋದಂತೆಯೇ. 2023ರ ಜೂನ್ 11ರಂದು ಜಾರಿಯಾದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಟಿಕೆಟ್ಟಿನ ಚಿಂತೆ ಕಳೆಯಿತು. ಹತ್ತಲು ಜಾಗ ಸಿಗುವುದೇ ಎಂಬ ಚಿಂತೆ ಉಳಿಯಿತು. ಭತ್ತದ ನಾಟಿಗೋ ಕಬ್ಬಿನ ಕಟಾವಿಗೋ ಅಪ್ಪನ ಜೊತೆ ಗದ್ದೆಯಲ್ಲಿ ನಿಂತ ಹುಡುಗನಿಗಂತೂ ಯಾವ ವೈದ್ಯರೂ ಸರ್ಟಿಫಿಕೇಟು ಕೊಡರು.

ಹಾಗೆಂದು ವಿನಾಯಿತಿ ಹೊಸದೇನಲ್ಲ. ಎನ್‌ಸಿಸಿ ಶಿಬಿರಕ್ಕೆ, ಕ್ರೀಡಾಕೂಟಕ್ಕೆ ಹೋದವರಿಗೆ ಹಾಜರಾತಿ ಕೊಡುತ್ತೇವೆ. ಓದುತ್ತಿರುವ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ, ಹಾಜರಾತಿ ವಿನಾಯಿತಿ ನೀಡಲು ನಿಯಮ ರೂಪಿಸಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಆ ಪತ್ರ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಕಾಣಲಿ.

ಪರೀಕ್ಷೆ ಹೊಸ್ತಿಲಿಗೆ ಬಂದಾಗ ಕೊರತೆಯ ಪಟ್ಟಿ ಅಂಟಿಸಿ ಪ್ರಯೋಜನವಿಲ್ಲ. ಕಾಲೇಜುಗಳು ತಿಂಗಳು ತಿಂಗಳೂ ಹಾಜರಾತಿಯ ಲೆಕ್ಕ ತಿಳಿಸಿ, ಹೆತ್ತವರನ್ನು ಕರೆಸಿ ಮಾತಾಡಿ, ತಪ್ಪಿದ ಪಾಠಕ್ಕೆ ವಿಶೇಷ ತರಗತಿ ನಡೆಸಲಿ. ಬಸ್ ಡಿಪೋಗಳೂ ಕಾಲೇಜುಗಳ ವೇಳಾಪಟ್ಟಿ ತರಿಸಿಕೊಂಡು ಬೆಳಗಿನ ಟ್ರಿಪ್ಪುಗಳನ್ನು ಹೊಂದಿಸಲಿ.