ಬಿ.ಕಾಂ. ಮಾಡು ಅಂದಿದ್ದು ನಾವೇ

ಗಡಿ ತಾಲ್ಲೂಕಿನ ಗೆಳೆಯರೇ, ಈ ಸಲ ಬೇರೆಯವರನ್ನ ಬೈಯೋಕೆ ಮುಂಚೆ ನಮ್ಮನ್ನೇ ನಾವು ಬೈಕೊಳ್ತೀವಿ.

ಹೋದ ವರ್ಷ ಮೇ ತಿಂಗಳು, ಪ್ಲಸ್ ಟು ರಿಸಲ್ಟ್ ಬಂದ ವಾರ. ಮಸಿನಗುಡಿ ಕಡೆಯ ಒಬ್ಬ ಹುಡುಗ ನಾವು ಕೂರೋ ಬ್ಯಾಂಕ್ ಕೌಂಟರ್ ಮುಂದೆ ಬಂದು ನಿಂತ. ಅಪ್ಪನ ಮನೆಮಾತು ಕನ್ನಡ, ಅಮ್ಮನ ಕಡೆ ಬಡುಗು, ಶಾಲೆಯಲ್ಲಿ ಓದಿದ್ದು ತಮಿಳು. "ಅಣ್ಣಾ, ಎಜುಕೇಶನ್ ಲೋನ್ ಸಿಗುತ್ತಾ?" ಅಂದ. ಯಾವ ಕೋರ್ಸಪ್ಪಾ ಅಂತ ಕೇಳಿದ್ವಿ. "ಮೈಸೂರಲ್ಲಿ ಕನ್ನಡ ಬಿ.ಎ., ಆಮೇಲೆ ಭಾಷಾವಿಜ್ಞಾನ."

ಪಕ್ಕದ ಸೀಟಿನವರು ನಕ್ಕರು. ನಾವೂ ನಕ್ಕೆವು.

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಕಿಲ್ಲ, ಅದು ನಮಗೆ ಚೆನ್ನಾಗಿ ಗೊತ್ತಿರೋ ನಿಯಮ. ಆದರೂ ಆ ಹುಡುಗನಿಗೆ ಮೊದಲು ಹೇಳಿದ್ದು ನಿಯಮ ಅಲ್ಲ, ಉಪದೇಶ. "ಭಾಷೆ ಓದಿ ಏನ್ ಸಿಗುತ್ತೆ? ಬಿ.ಕಾಂ. ಮಾಡು, ಬ್ಯಾಂಕ್ ಪರೀಕ್ಷೆ ಬರಿ, ನಮ್ಮ ಥರ ಸೆಟ್ಲ್ ಆಗು." ನಮಗೂ ಯಾರೋ ಹಾಗೆ ಹೇಳಿದ್ರು, ನಾವೂ ಕೇಳಿದ್ವಿ. ಆ ಹುಡುಗ ಅಲ್ಲಿಗೇ ಬಿಡಲಿಲ್ಲ. ಗಡಿ ದಾಟಿ ಹೋಗಿ ಕಾಲೇಜಲ್ಲಿ ವಿಚಾರಿಸಿದ. ಹತ್ತನೇ ತರಗತಿವರೆಗೆ ಕನ್ನಡ ಓದದವನಿಗೆ ಐಚ್ಛಿಕ ಕನ್ನಡ ಹೇಗಪ್ಪಾ ಕೊಡೋದು ಅಂತ ಅಲ್ಲೂ ಹಿಂದೆ ಮುಂದೆ ನೋಡಿದ್ರು. ಈಗ ಅವನು ಬಿ.ಕಾಂ. ಎರಡನೇ ವರ್ಷ. ಡೆಬಿಟ್, ಕ್ರೆಡಿಟ್ ಕಲೀತಾ ಇದ್ದಾನೆ.

ಇದು ಯಾಕೆ ಮನಸ್ಸಿಗೆ ಚುಚ್ಚುತ್ತೆ ಅಂದ್ರೆ, ಅವನು ಓದಬೇಕು ಅಂದ ವಿಷಯವನ್ನ ಓದೋಕೆ ಜಗತ್ತಿನ ಆ ಕಡೆಯಿಂದ ಜನ ನಮ್ಮ ಬೆಟ್ಟಕ್ಕೆ ಬಂದು ಹೋಗಿದ್ದಾರೆ. ಕೆನಡಾದಲ್ಲಿ ಹುಟ್ಟಿದ ಎಂ.ಬಿ. ಎಮೆನೋ 1935ರಿಂದ 1938ರವರೆಗೆ ಭಾರತದಲ್ಲಿದ್ದು ನೀಲಗಿರಿಯ ತೊದ, ಕೋತ, ಬಡುಗು ನುಡಿಗಳನ್ನ ಕೇಳಿ ಬರೆದುಕೊಂಡ್ರು. ಬಡುಗಿನ ಸ್ವರಗಳ ಮೇಲೆ ಅವರ ಲೇಖನ ಅಮೆರಿಕದ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಬಂದದ್ದು 1939ರಲ್ಲಿ. ಅದರಲ್ಲಿರೋ ವಿಷಯ ಕೇಳಿ. ಕನ್ನಡದಲ್ಲಿ ಬಾಯಿ, ಬಳೆ, ಬೆಳೆ ಅಂತ ಮೂರು ಮಾತಿದೆಯಲ್ಲ, ಬಡುಗಿನಲ್ಲಿ ಮೂರೂ ಸವೆದು ಹೆಚ್ಚುಕಡಿಮೆ ‘ಬೆ’ ಅನ್ನೋ ಹಾಗೆ ಕೇಳುತ್ತೆ. ಆದರೆ ಒಂದೇ ಅಲ್ಲ. ಒಂದರಲ್ಲಿ ನಾಲಗೆ ನೆಟ್ಟಗೆ, ಇನ್ನೊಂದರಲ್ಲಿ ಅರ್ಧ ಮಡಚುತ್ತೆ, ಮತ್ತೊಂದರಲ್ಲಿ ಪೂರ್ತಿ ಮಡಚುತ್ತೆ. ಬಿದ್ದುಹೋದ ವ್ಯಂಜನದ ಗುರುತು ಸ್ವರದೊಳಗೆ ಉಳಿದಿದೆ. ಸ್ವರದಲ್ಲೇ ಹೀಗೆ ಮೂರು ಹಂತ ಇಟ್ಟುಕೊಂಡ ಭಾಷೆ ಜಗತ್ತಲ್ಲಿ ತೀರಾ ಅಪರೂಪ ಅಂತ ಭಾಷಾವಿಜ್ಞಾನದವರು ಪಾಠದಲ್ಲಿ ಉದಾಹರಣೆ ಕೊಡ್ತಾರೆ. ಈಗ ಅದು ಹಳಬರ ಬಾಯಲ್ಲಿ ಚೂರುಪಾರು ಉಳಿದಿದೆ ಅಷ್ಟೆ.

ನಮ್ಮ ಅಜ್ಜಿಯ ನಾಲಗೆ ಮಡಚೋದು ಕ್ಯಾಲಿಫೋರ್ನಿಯಾದ ತರಗತಿಗೆ ಪಾಠ. ನಮಗೆ ಮಾತ್ರ ಅದು ‘ಹಳ್ಳಿ ಮಾತು’.

ಮುಂದೆ ನೋಡಿ. ಬಡುಗು–ಇಂಗ್ಲಿಷ್ ನಿಘಂಟು 1992ರಲ್ಲಿ ಬಂತು. ಮಾಡಿದವರು ಪಾಲ್ ಹಾಕಿಂಗ್ಸ್ ಮತ್ತು ಫ್ರಾನ್ಸಿನ ಕ್ರಿಸ್ಟಿಯಾನ್ ಪಿಲೋ-ರಾಯಚೂರು, ಪ್ರಕಾಶಕರು ಜರ್ಮನಿಯವರು. ಅದಕ್ಕೂ ಮುಂಚೆ, 1988ರಲ್ಲಿ, ಬಡಗರ ಗಾದೆ, ಪ್ರಾರ್ಥನೆ, ಶಕುನ, ಶಾಪಗಳನ್ನ ಒಟ್ಟು ಮಾಡಿ ದಪ್ಪ ಪುಸ್ತಕ ತಂದವರೂ ಇದೇ ಹಾಕಿಂಗ್ಸ್. ಶಾಪ ಕೂಡ ಬಿಡಲಿಲ್ಲ ಪುಣ್ಯಾತ್ಮರು! ತೆಪ್ಪಕಾಡು, ಮಸಿನಗುಡಿ ಕಡೆಯ ಬೆಟ್ಟ ಕುರುಂಬರ ಭಾಷೆಗೆ ಗೇಲ್ ಕೊಯೆಲ್ಹೊ ವ್ಯಾಕರಣ ಬರೆದು ಪಿಎಚ್.ಡಿ. ಪಡೆದದ್ದು 2003ರಲ್ಲಿ, ಅದೂ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ತೆಪ್ಪಕಾಡಿನ ಆನೆ ಬಿಡಾರದ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಆ ಬಿಡಾರದ ಸುತ್ತ ಆಡೋ ಮಾತಿಗೆ ಒಂದು ವ್ಯಾಕರಣ ಇದೆ ಅಂತ ಆವತ್ತು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಇವರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಬರದಿದ್ರೆ ಅಷ್ಟೂ ದಾಖಲೆ ಇರ್ತಿರಲಿಲ್ಲ. ಸಿಟ್ಟು ಇರೋದು, ಇದೇ ಕೆಲಸವನ್ನ ಇಲ್ಲೇ ಹುಟ್ಟಿದ ಹುಡುಗ ಮಾಡ್ತೀನಿ ಅಂದ್ರೆ ಅವನಿಗೆ ದಾರಿಯೇ ಇಲ್ಲವಲ್ಲ, ಅದರ ಮೇಲೆ.

ದಾರಿ ಎಲ್ಲಿ ತಪ್ಪುತ್ತೆ ಅಂತ ಲೆಕ್ಕ ಹಾಕೋಣ, ಲೆಕ್ಕ ನಮ್ಮ ಕಸುಬು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸೋಕೆ ಸೌಲಭ್ಯ ಕೊಡಿ ಅನ್ನುತ್ತೆ, ಆದರೆ ಪ್ರಾಥಮಿಕ ಹಂತದವರೆಗೆ ಮಾತ್ರ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾನೂನು ಒಂದನೇ ಕ್ಲಾಸಿಂದ ಶುರುವಾಗಿ ವರ್ಷಕ್ಕೊಂದು ಕ್ಲಾಸ್ ಏರುತ್ತಾ ಹತ್ತನೇ ಕ್ಲಾಸ್ ಮುಟ್ತು. ಅಲ್ಪಸಂಖ್ಯಾತ ಮಕ್ಕಳು ವಿನಾಯಿತಿಗೆ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಅಲೀಬೇಕಾಯ್ತು. ತಮಿಳು ಬೇಡ ಅಂತ ನಾವು ಯಾವತ್ತೂ ಹೇಳಿಲ್ಲ, ಹೇಳೋದೂ ಇಲ್ಲ. ರಾಜ್ಯದ ಭಾಷೆ ಓದೋಕೆ ಬರೆಯೋಕೆ ಬರದಿದ್ರೆ ಬ್ಯಾಂಕ್ ಕ್ಲರ್ಕ್ ಕೆಲಸವೇ ಸಿಗಲ್ಲ. ನಮ್ಮ ಅನ್ನ ತಮಿಳಿನ ಅನ್ನ. ಆದರೆ ಒಂದು ಬೇಕು ಅಂದ್ರೆ ಇನ್ನೊಂದು ಬೇಡ ಅಂತ ಅಲ್ವಲ್ಲ. ಶಾಲೆಯಲ್ಲಿ ಅಕ್ಷರ ಸಿಗಲಿಲ್ಲ ಅಂದ್ರೆ ಕಾಲೇಜಲ್ಲಿ ಸೀಟು ಸಿಗಲ್ಲ, ಕಾಲೇಜಲ್ಲಿ ಸೀಟಿಲ್ಲ ಅಂದ್ರೆ ಎಂ.ಎ. ಇಲ್ಲ, ಎಂ.ಎ. ಇಲ್ಲ ಅಂದ್ರೆ ಸಂಶೋಧನೆ ಇಲ್ಲ. ಮನೇಲಿ ಕೂತು ಮುಕ್ತ ವಿಶ್ವವಿದ್ಯಾಲಯದಲ್ಲಿ ಓದೋಣ ಅಂದ್ರೆ, ರಾಜ್ಯದ ಮುಕ್ತ ವಿವಿ ತನ್ನ ಕಲಿಕಾ ಕೇಂದ್ರವನ್ನ ರಾಜ್ಯದ ಗಡಿಯಾಚೆ ತೆರೆಯೋ ಹಾಗಿಲ್ಲ ಅಂತ ಯುಜಿಸಿ ನಿಯಮ. ಮಸಿನಗುಡಿಯಿಂದ ಗುಂಡ್ಲುಪೇಟೆಗೆ ಹೋಗೋ ಕಾಡುದಾರಿಗೆ 2009ರಿಂದ ರಾತ್ರಿ ಗೇಟು ಬೀಳುತ್ತಲ್ಲ, ಹಾಗೇ ಇದೂ. ಅಲ್ಲಿ ಪ್ರಾಣಿಗಳಿಗೆ ಅನುಕೂಲವಾಯ್ತು, ಸರಿ. ಇಲ್ಲಿ ಯಾರಿಗೆ?

ಆ ಹುಡುಗನೇ ಒಂದು ದಿನ ಫೋನಲ್ಲಿ ಒಂದು ವಿಷಯ ತೋರಿಸಿದ. ಆಫ್ರಿಕಾದಲ್ಲಿ ಲೆಸೊಥೋ ಅಂತ ಪುಟ್ಟ ಬೆಟ್ಟದ ದೇಶ, ಸುತ್ತ ನಾಲ್ಕೂ ಕಡೆ ದಕ್ಷಿಣ ಆಫ್ರಿಕಾ. ಅವರ ಭಾಷೆ ಸೆಸೊಥೋ. ದೇಶದ ಒಟ್ಟು ಜನವೇ ಇಪ್ಪತ್ತು ಲಕ್ಷದ ಆಸುಪಾಸು. ಗಡಿಯಾಚೆ ದಕ್ಷಿಣ ಆಫ್ರಿಕಾದಲ್ಲಿ ಸೆಸೊಥೋ ಮನೆಮಾತಿನವರು 2011ರ ಜನಗಣತಿಯಂತೆ 38 ಲಕ್ಷ. ಅಂದ್ರೆ ಗಡಿಯಾಚೆಯವರೇ ಜಾಸ್ತಿ! ಸ್ಪೆಲ್ಲಿಂಗ್ ಕೂಡ ಎರಡು ಥರ: ಲೆಸೊಥೋದವರು ‘ಎಲ್’ ಅಕ್ಷರ ಬರೆದು ಕೆಲವು ಕಡೆ ‘ಡ’ ಅಂತ ಓದ್ತಾರೆ, ಆಚೆಯವರು ‘ಡಿ’ ಅಕ್ಷರವನ್ನೇ ಬರೀತಾರೆ. ಈ ಜಗಳ ಮುಗಿಯಲಿ ಆಮೇಲೆ ಓದೋಣ ಅಂತ ಯಾರೂ ಕೂತಿಲ್ಲ. ಲೆಸೊಥೋದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲೂ, ಗಡಿಯಾಚೆ ಫ್ರೀ ಸ್ಟೇಟ್ ವಿಶ್ವವಿದ್ಯಾಲಯದಲ್ಲೂ ಸೆಸೊಥೋ ಓದಬಹುದು. ದೂರಶಿಕ್ಷಣದ ದೊಡ್ಡ ವಿಶ್ವವಿದ್ಯಾಲಯ ಯೂನಿಸಾದಲ್ಲಿ ಮನೇಲೇ ಕೂತು ಓದಬಹುದು. ಥಾಮಸ್ ಮೊಫೊಲೊ ಅನ್ನೋರ ‘ಚಾಕಾ’ ಕಾದಂಬರಿ 1925ರಲ್ಲಿ ಮೊರಿಜಾ ಅನ್ನೋ ಊರಿನ ಮಿಷನ್ ಪ್ರೆಸ್ಸಲ್ಲಿ ಅಚ್ಚಾಯ್ತು, ಇವತ್ತೂ ಅದು ಪಾಠ.

ಮಿಷನ್ ಪ್ರೆಸ್ ನಮಗೂ ಇತ್ತು ಸ್ವಾಮಿ. ಬಾಸೆಲ್ ಮಿಷನ್‌ನವರು ಕೇತಿಯಲ್ಲಿ ನೆಲೆ ಮಾಡಿ, ಬಡುಗಿನ ಪುಸ್ತಕವನ್ನ ಮಂಗಳೂರಿನ ತಮ್ಮ ಪ್ರೆಸ್ಸಲ್ಲಿ 1890ರಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ರು. ಹೆಸರು ‘ಅಂಗ ಕರ್ತಾಗಿಬ್ಬ ಯೇಸು ಕ್ರಿಸ್ತನ ಒಳ್ಳೆಯ ಸುದ್ದಿಯ ಪುಸ್ತಕ’. ಇದನ್ನ ಓದೋಕೆ ಯಾವ ಕನ್ನಡದವನಿಗೆ ದುಭಾಷಿ ಬೇಕು? ಮೊರಿಜಾದ ಪುಸ್ತಕಗಳು ವಿಶ್ವವಿದ್ಯಾಲಯದ ತರಗತಿಗೆ ಹೋದವು. ನಮ್ಮದು ಹಾಗೇ ಕಪಾಟಿನಲ್ಲಿ ಉಳೀತು.

ಇಲ್ಲಿ ನಮ್ಮ ಕನ್ನಡದವರಿಗೂ ಒಂದು ಮಾತು. ವಾಟ್ಸಾಪ್ ಗುಂಪುಗಳಲ್ಲಿ ಬಡುಗು ಅಂದ್ರೆ ಕೆಟ್ಟ ಕನ್ನಡ, ಹಾಳಾದ ಕನ್ನಡ ಅಂತ ಬರೆಯೋರಿದ್ದಾರೆ. ಹಾಗೆ ಬರೆದ ಕೂಡಲೇ ಹಟ್ಟಿಯ ಹುಡುಗರು ನಮ್ಮಿಂದ ದೂರ ಸರೀತಾರೆ, ಸರಿಯೋದು ನ್ಯಾಯವೇ. 2011ರ ಜನಗಣತಿ 1,33,550 ಬಡುಗು ಮಾತಾಡೋರನ್ನ ಕನ್ನಡದ ಕೆಳಗೆ ಸೇರಿಸಿ ಲೆಕ್ಕ ಹಾಕಿದೆ. ನಮ್ಮದು ಬೇರೆಯೇ ಭಾಷೆ ಅಂತ ಬಡಗರಲ್ಲೇ ಅನೇಕರು ಹೇಳ್ತಾರೆ. ಬೇರೆ ಅಂತ ಅವರು ಅಂದ್ರೆ ಬೇರೆಯೇ ಇರಲಿ, ಅಕ್ಕ ತಂಗಿ ಬೇರೆ ಮನೆ ಮಾಡಿದ ಮಾತ್ರಕ್ಕೆ ಸಂಬಂಧ ಹೋಗಲ್ಲ. ಆದರೆ ಅದು ಹೇಗೆ ಬೇರೆ, ಯಾವಾಗ ಕವಲೊಡೀತು, ಯಾವ ಹಳಗನ್ನಡದ ರೂಪ ಅಲ್ಲಿ ಉಳೀತು, ಯಾವುದು ಹೊಸದಾಗಿ ಹುಟ್ಟಿತು ಅನ್ನೋದನ್ನ ಕೀಬೋರ್ಡ್ ಕುಟ್ಟಿ ತೀರ್ಮಾನ ಮಾಡೋಕಾಗಲ್ಲ. ಅದಕ್ಕೆ ಎರಡೂ ಬಲ್ಲ, ಹಳಗನ್ನಡ ಓದಿದ, ಧ್ವನಿಶಾಸ್ತ್ರ ಕಲಿತ ಒಬ್ಬ ಮನುಷ್ಯ ಬೇಕು. ಅಂಥವನು ಆಗಬಹುದಾದ ಹುಡುಗನನ್ನೇ ನಾವು ಬಿ.ಕಾಂ.ಗೆ ಕಳಿಸಿದ್ವಿ.

‘ನೀಲಗಿರಿಗೂ ಕನ್ನಡಕ್ಕೂ ಏನು ಸಂಬಂಧ’ ಅಂತ ಕೇಳೋರಿಗೆ ಚಾಮರಾಜನಗರದ ಶಾಸನ ತೋರಿಸಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೊದವರನ್ನ ಹೆದರಿಸಿದ, ನೀಲಗಿರಿ ಹಿಡಿದ ಅಂತ ಹೇಳೋ ಶಾಸನ, 1117ರದ್ದು. ಹೆದರಿಸಿದ್ದು ಹೆಮ್ಮೆಪಡೋ ವಿಷಯ ಏನಲ್ಲ. ಆದರೆ ತೊದವರ ಬಗ್ಗೆ ನಮಗೆ ಸಿಕ್ಕಿರೋ ಅತಿ ಹಳೆಯ ಬರಹದ ಉಲ್ಲೇಖ ಇದು. ಇದನ್ನ ಓದೋಕೆ ಊಟಿಯಲ್ಲಿ ಎಷ್ಟು ಜನಕ್ಕೆ ಬರುತ್ತೆ?

ಇನ್ನು ಕರ್ನಾಟಕ ಸರ್ಕಾರ. ದಿಲ್ಲಿಯ ಜೆಎನ್‌ಯುನಲ್ಲಿ ಕನ್ನಡ ಪೀಠ ಇದೆ, ಸಂತೋಷ. ಹಂಪಿಯಲ್ಲಿ 1991ರಿಂದ ಕನ್ನಡಕ್ಕೇ ಅಂತ ವಿಶ್ವವಿದ್ಯಾಲಯ ಇದೆ. ಊಟಿಯಿಂದ ಬರೀ 125 ಕಿ.ಮೀ. ದೂರದ ಮೈಸೂರಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನ, ಎಲ್ಲ ಇವೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ನಮ್ಮ ಕಡೆಗೆ ಬರೋದು ನವೆಂಬರಲ್ಲಿ ಬಾವುಟ, ಶಾಲು, ಭಾಷಣ. ತಮಿಳರನ್ನ ನೋಡಿ: ಹಾರ್ವರ್ಡ್‌ನಲ್ಲಿ ತಮಿಳು ಪೀಠ ಆಗಬೇಕು ಅಂದಾಗ ಜನ ಚಂದಾ ಎತ್ತಿದ್ರು, 2017ರಲ್ಲಿ ತಮಿಳುನಾಡು ಸರ್ಕಾರ 10 ಕೋಟಿ ಕೊಡ್ತು. ನಾವು ಹಾರ್ವರ್ಡ್ ಕೇಳ್ತಿಲ್ಲ. ಕಾಸರಗೋಡಿನ ಸರ್ಕಾರಿ ಕಾಲೇಜಲ್ಲಿ ಕನ್ನಡ ಎಂ.ಎ. ಇದೆಯಲ್ಲ, ಅಲ್ಲಿನ ಜನ ಬಿಡದೆ ಉಳಿಸಿಕೊಂಡ್ರು. ಅಷ್ಟು ಇಲ್ಲಿ ಸದ್ಯಕ್ಕೆ ಆಗಲ್ಲ ಅಂದ್ರೆ ಸರಿ, ಒಂದು ವರ್ಷದ ಸೇತುವೆ ಕೋರ್ಸ್ ಮಾಡಿ. ಮಾತು ಬರುತ್ತೆ, ಲಿಪಿ ಬರಲ್ಲ ಅನ್ನೋ ಗಡಿಯ ಮಕ್ಕಳಿಗೆ ಓದು ಬರಹ ಕಲಿಸಿ ಅದೇ ಪ್ರಮಾಣಪತ್ರದ ಮೇಲೆ ಐಚ್ಛಿಕ ಕನ್ನಡಕ್ಕೆ, ಭಾಷಾವಿಜ್ಞಾನಕ್ಕೆ ಸೀಟು ಕೊಡಿ. ಹಾಸ್ಟೆಲ್ ಕೊಡಿ. ಒಂದು ಶಾಲಿನ ಕಾರ್ಯಕ್ರಮದ ಖರ್ಚಲ್ಲಿ ಎಷ್ಟು ಮಕ್ಕಳ ಮೆಸ್ ಬಿಲ್ ಕಟ್ಟಬಹುದು ಅಂತ ಬೇಕಾದ್ರೆ ನಾವೇ ಕೂತು ಲೆಕ್ಕ ಹಾಕಿಕೊಡ್ತೀವಿ.

ಕೆಲಸ ಸಿಗುತ್ತಾ ಅನ್ನೋ ಪ್ರಶ್ನೆ ಸುಳ್ಳಲ್ಲ, ಅಪ್ಪ ಅಮ್ಮ ಎಸ್ಟೇಟ್ ಕೂಲಿಗೆ ಹೋಗೋ ಮನೆಯಲ್ಲಿ ಅದೇ ಮೊದಲ ಪ್ರಶ್ನೆ. ಕನ್ನಡ ಎಂ.ಎ. ಮಾಡಿದವರೆಲ್ಲ ಮೇಷ್ಟ್ರಾಗ್ತಾರೆ ಅಂತ ನಾವು ಸುಳ್ಳು ಹೇಳಲ್ಲ. ಬಿ.ಕಾಂ. ಮಾಡಿದವರೆಲ್ಲ ಬ್ಯಾಂಕಿಗೆ ಬಂದಿದ್ದಾರಾ? ನಮ್ಮ ಜೊತೆ ಓದಿದವರಲ್ಲಿ ಅರ್ಧ ಜನ ತಿರುಪ್ಪೂರು, ಕೊಯಮತ್ತೂರಲ್ಲಿ ಬಿಲ್ಲಿಂಗ್ ಮಾಡ್ತಿದ್ದಾರೆ. ನೆಟ್ ಪರೀಕ್ಷೆಯಲ್ಲಿ ಕನ್ನಡವೂ ಇದೆ, ಭಾಷಾವಿಜ್ಞಾನವೂ ಇದೆ. ಯುಪಿಎಸ್ಸಿಯಲ್ಲಿ ಕನ್ನಡ ಸಾಹಿತ್ಯ ಐಚ್ಛಿಕ ವಿಷಯ. ಮೂರು ಭಾಷೆ ಮನೇಲೇ ಕಲಿತ ಹುಡುಗ ಅನುವಾದಕ್ಕೆ, ಧ್ವನಿ ದಾಖಲೆಗೆ, ನಿಘಂಟಿನ ಕೆಲಸಕ್ಕೆ ಬೇರೆಯವರಿಗಿಂತ ಹತ್ತು ಹೆಜ್ಜೆ ಮುಂದಿರ್ತಾನೆ.

ಆ ಹುಡುಗ ಈಗಲೂ ಪಾಸ್‌ಬುಕ್ ಎಂಟ್ರಿಗೆ ಬರ್ತಾನೆ. ಕನ್ನಡ ಅಕ್ಷರ ಮೈಸೂರು ಬಸ್ಸಿನ ಬೋರ್ಡು ನೋಡಿ, ಫೋನ್ ನೋಡಿ ಕಲಿತುಕೊಂಡ. ಅಮ್ಮನ ತಾಯಿ ಹೇಳೋ ಮಾತುಗಳನ್ನ ಒಂದು ನೋಟ್‌ಬುಕ್ಕಲ್ಲಿ ಕನ್ನಡ ಲಿಪಿಯಲ್ಲಿ ಬರ್ಕೊಳ್ತಿದ್ದಾನೆ, ನಾಲ್ಕುನೂರು ಚಿಲ್ಲರೆ ಪದ ಆಗಿವೆ. ಬಾಯಿ, ಬಳೆ, ಬೆಳೆ ಮೂರನ್ನೂ ಅಜ್ಜಿ ಹತ್ತಿರ ಹೇಳಿಸಿ ಫೋನಲ್ಲಿ ರೆಕಾರ್ಡ್ ಮಾಡಿದ್ದಾನೆ. ಮೂರನೇದು ತನಗೇ ಹೇಳೋಕೆ ಬರಲ್ಲ ಅಂದ.

ಬಿ.ಕಾಂ. ಮುಗಿದ ಮೇಲೂ ಎಂ.ಎ.ಗೆ ಸೇರೋ ದಾರಿ ಇದೆಯಾ ಅಂತ ಅವನಿಗೋಸ್ಕರ ವಿಚಾರಿಸ್ತಾ ಇದ್ದೀವಿ. ಗೂಡಲೂರು, ಮಸಿನಗುಡಿ, ಊಟಿ, ತಾಳವಾಡಿ, ಹೊಸೂರು ಕಡೆ ಈ ವರ್ಷ ಪ್ಲಸ್ ಟು ಮುಗಿಸಿದವರಲ್ಲಿ ಕನ್ನಡ ಅಥವಾ ಭಾಷಾವಿಜ್ಞಾನ ಓದಬೇಕು ಅನ್ನೋರು ಇದ್ದರೆ ನಮಗೆ ಮೆಸೇಜ್ ಮಾಡಿ. ಲಿಪಿ ಬರದಿದ್ರೂ ಪರವಾಗಿಲ್ಲ, ತಮಿಳಲ್ಲೇ ಬರೀರಿ. ಲೋನ್ ಅರ್ಜಿ ನಾವು ತುಂಬಿಕೊಡ್ತೀವಿ. ಈ ಸಲ ನಗಲ್ಲ.