ಬಿದ್ದ ಪೇಟೆಗೆ ನಮ್ಮ ಕೂಲಿ ದುಡ್ಡೇ ಬೇಕೆ?

ಷೇರುಪೇಟೆ ಬಿದ್ದಾಗಲೆಲ್ಲ ನಮ್ಮ ಕೇರಿಗೆ ನೆಂಟರು ಜಾಸ್ತಿ. ‘ಈಗ ಎಲ್ಲಾ ಅಗ್ಗ, ಹಾಕಿಬಿಡಿ’ ಅಂತ ಏಜೆಂಟ್ ಬರ್ತಾನೆ. ನಿನ್ನೆ ಮೊನ್ನೆವರೆಗೂ ನಮ್ಮ ಕೈಲಿ ನೀರು ಕುಡಿಯದವರು ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡೀತಾರೆ! ನಿವೃತ್ತಳಾದ ಪೌರಕಾರ್ಮಿಕ ತಾಯಿಯ ಗ್ರಾಚ್ಯುಟಿ ವಾಸನೆ ಅಷ್ಟು ದೂರ ಹೋಗಿರುತ್ತದೆ.

ಅಗ್ಗ ಅನ್ನೋದು ಸುಳ್ಳಲ್ಲ. ಆದರೆ ಯಾರಿಗೆ? 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಬಿತ್ತು. ನವೆಂಬರಿಗೆ ಮತ್ತೆ 42,000 ದಾಟಿತು. ಕಾಯಬಲ್ಲವನು ಗೆದ್ದ. ಆಗ ನಮ್ಮವರೆಲ್ಲಿದ್ದರು? ಕೂಲಿ ನಿಂತು, ಗಂಟುಮೂಟೆ ಹೊತ್ತು ಬೆಂಗಳೂರಿಂದ ರಾಯಚೂರಿನ ಕಡೆ ನಡೆಯುತ್ತಿದ್ದರು. ಅವರ ದುಡ್ಡು ಷೇರಿನಲ್ಲಿದ್ದಿದ್ದರೆ ಏಪ್ರಿಲ್ಲಿನಲ್ಲೇ ಅಕ್ಕಿಗಾಗಿ ನಷ್ಟಕ್ಕೆ ಮಾರಬೇಕಿತ್ತು. ಬಡವ ಪೇಟೆಯಲ್ಲಿ ಸೋಲೋದು ಬುದ್ಧಿ ಕಮ್ಮಿಯಾಗಿ ಅಲ್ಲ, ಕಾಯೋ ತಾಕತ್ತಿಲ್ಲದೆ.

ಅದಕ್ಕೇ ಮೊದಲು ಮೈಕ್ರೋ ಫೈನಾನ್ಸ್ ಸಾಲ ತೀರಿಸಿ. ಶೇ. 20 ದಾಟಿದ ಬಡ್ಡಿ ಕಟ್ಟುತ್ತಾ ಷೇರು ಕೊಳ್ಳೋದು ತೂತು ಕೊಡದಲ್ಲಿ ನೀರು ಹೊತ್ತಹಾಗೆ. ಆಮೇಲೆ ಆರು ತಿಂಗಳ ಖರ್ಚು ಅಂಚೆಯಲ್ಲೋ ಬ್ಯಾಂಕಿನಲ್ಲೋ ಇರಲಿ. ಅಂಚೆ ದುಡ್ಡಿಗೆ ಸರ್ಕಾರವೇ ಹೊಣೆ, ಆರ್.ಡಿ. ತಿಂಗಳಿಗೆ 100 ರೂಪಾಯಿಂದ ಶುರು. ಬ್ಯಾಂಕು ಮುಳುಗಿದರೆ 5 ಲಕ್ಷದವರೆಗೆ ವಿಮೆಯುಂಟು. ಊರಿನ ಸೊಸೈಟಿಗೆ, ಪತ್ತಿನ ಸೌಹಾರ್ದಕ್ಕೆ ಆ ವಿಮೆಯಿಲ್ಲ. ಅಧ್ಯಕ್ಷರು ಊರ ಗೌಡರು ಅನ್ನೋದು ಯಾವ ಭದ್ರತೆ?

ಇಷ್ಟಾಗಿಯೂ ಐದಾರು ವರ್ಷ ಮುಟ್ಟದ ದುಡ್ಡು ಉಳಿದರೆ (ಮೇಷ್ಟರುಗಳಿಗೆ ಉಳಿದೀತು) ಹಾಕಿ. ಒಂದೇ ಕಂಪನಿಗಲ್ಲ, ಸೂಚ್ಯಂಕದ ಫಂಡಿಗೆ, ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಯಲ್ಲಿ, ತಿಂಗಳಿಗೊಂದು ಸಣ್ಣ ಕಂತು. ಪೇಟೆ ಬಿತ್ತು ಅಂತ ಕಂತು ನಿಲ್ಲಿಸಬೇಡಿ, ಅದೇ ದುಡ್ಡಿಗೆ ಹೆಚ್ಚು ಯೂನಿಟ್ಟು ಬರುತ್ತದೆ. ಆದರೆ ನೂರು ಅರವತ್ತಾದರೆ, ಮತ್ತೆ ನೂರಾಗಲು ಶೇ. 67ರಷ್ಟು ಏರಬೇಕು. ಎಂದು ಏರುತ್ತದೆಂದು ಯಾರಪ್ಪನೂ ಗ್ಯಾರಂಟಿ ಕೊಡಲಾರ.

‘ದಲಿತರಿಗೇಕೆ ಷೇರಿನ ಸಹವಾಸ’ ಎನ್ನುವ ಸಂಗಾತಿಗಳಿದ್ದಾರೆ. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತು ಗ್ರಂಥ ತಂದ ಬಾಬಾಸಾಹೇಬರು, ಅದಕ್ಕೂ ಮುಂಚೆ ಮುಂಬಯಿಯಲ್ಲಿ ಹಣ ಹೂಡಿಕೆಯ ಸಲಹೆ ಕೊಡುವ ವ್ಯವಹಾರ ಶುರುಮಾಡಿದ್ದರು. ಅಸ್ಪೃಶ್ಯನೆಂದು ಗೊತ್ತಾದೊಡನೆ ಗಿರಾಕಿಗಳು ಕಾಲ್ತೆಗೆದರು. ಹಣಕ್ಕೆ ಜಾತಿಯಿಲ್ಲ ಅನ್ನುವವರು ಇದಕ್ಕೇನು ಹೇಳುತ್ತಾರೆ?

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಅವು ಬಡವರ ಬ್ಯಾಂಕಾಗುತ್ತವೆ ಅಂದರು. ಈಗ ನಮ್ಮೂರ ಒಂದು ಶಾಖೆಯಲ್ಲಿ ಆ ತಾಯಿ ಎಫ್.ಡಿ. ಕೇಳಿದರೆ ವಿಮೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಅದನ್ನು ವಾಪಸು ಕೊಡುವ ಹಕ್ಕಿದೆ. ಮೇಷ್ಟರುಗಳೇ, ಅಂಥವರ ಜೊತೆ ನಾಳೆಯೇ ಬ್ಯಾಂಕಿಗೆ ಹೋಗಿ. ಮ್ಯಾನೇಜರ ಎದುರು ಕುರ್ಚಿ ಎಳೆದು ಆಕೆಯನ್ನು ಮೊದಲು ಕೂರಿಸಿ.