"ಬೈಕ್ ಕಾಣಲಿಲ್ಲ" ಎನ್ನುವ ಮುನ್ನ

ಅಮೆರಿಕದಲ್ಲಿ ಮೇ ತಿಂಗಳು ಮೋಟಾರ್‌ಸೈಕಲ್ ಸುರಕ್ಷತಾ ಜಾಗೃತಿಯ ತಿಂಗಳು. ಇಲ್ಲಿಗೆ ಬಂದ ಮೇಲೆ ನಮ್ಮಲ್ಲಿ ಹೆಚ್ಚಿನವರು ಬೈಕ್ ಬಿಟ್ಟು ಕಾರು ಹಿಡಿದಿದ್ದೇವೆ. ಹಾಗಾಗಿ ಇದು ನಮ್ಮ ವಿಷಯವಲ್ಲ ಎಂದುಕೊಳ್ಳುವುದು ಸಹಜ. ಆದರೆ ಅಂಕಿ-ಅಂಶಗಳು ಬೇರೆಯೇ ಹೇಳುತ್ತವೆ.

2022ರಲ್ಲಿ ಈ ದೇಶದಲ್ಲಿ 6,218 ಬೈಕ್ ಸವಾರರು ಸತ್ತರು. ಅತಿವೇಗ, ಕುಡಿತ ಮುಂತಾದ ಸವಾರರ ತಪ್ಪುಗಳೂ ಇದರಲ್ಲಿವೆ, ನಿಜ. ಆದರೆ ಬೈಕ್ ಮತ್ತು ಇನ್ನೊಂದು ವಾಹನ ಡಿಕ್ಕಿಯಾಗಿ ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇ. 44ರಷ್ಟರಲ್ಲಿ ಆ ಇನ್ನೊಂದು ವಾಹನ ಎಡಕ್ಕೆ ತಿರುಗುತ್ತಿತ್ತು. 1981ರಲ್ಲೇ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್‌ನ ಸುಮಾರು 900 ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ, ಬೈಕ್‌ಗೆ ಬೇರೆ ವಾಹನ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ಆ ವಾಹನದ ಚಾಲಕ ಬೈಕ್‌ಗೆ ದಾರಿ ಬಿಡದೆ ಆದಂಥವು ಎಂದು ವರದಿ ಮಾಡಿತ್ತು.

ಆ ಚಾಲಕರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ನೋಡಿದೆ, ಆದರೆ ಕಾಣಲಿಲ್ಲ." ಇದು ಬರೀ ನೆಪವಲ್ಲ. 1999ರಲ್ಲಿ ಪ್ರಕಟವಾದ ಸೈಮನ್ಸ್ ಮತ್ತು ಶಾಬ್ರಿ ಅವರ ಪ್ರಸಿದ್ಧ ಪ್ರಯೋಗದಲ್ಲಿ, ಚೆಂಡಿನ ಪಾಸ್‌ಗಳನ್ನು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆಟಗಾರರ ನಡುವೆ ನಡೆದುಹೋದ ಗೊರಿಲ್ಲಾ ವೇಷಧಾರಿ ಕಾಣಿಸಲೇ ಇಲ್ಲ! ಮೆದುಳು ಹುಡುಕದ್ದು ಕಣ್ಣಿಗೆ ಬಿದ್ದರೂ ಗಮನಕ್ಕೆ ಬರುವುದಿಲ್ಲ. ಜೊತೆಗೆ, ಚಿಕ್ಕ ವಸ್ತು ಇರುವುದಕ್ಕಿಂತ ದೂರದಲ್ಲಿದೆ ಎಂದು ತೋರುತ್ತದೆ.

ಬೆಂಗಳೂರಿನಲ್ಲಿ ಕಾರು ತಿರುಗಿಸುವಾಗ ಪಕ್ಕದಿಂದ ಸ್ಕೂಟರ್ ನುಗ್ಗೀತು ಎಂದು ನಾವು ಕಾಯುತ್ತೇವೆ. ಹಾಗೆಂದು ಊರಿನ ರಸ್ತೆ ಸುರಕ್ಷಿತವೇನಲ್ಲ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಆದರೂ ಅಲ್ಲಿ ನಮಗಿದ್ದ ಆ ಎಚ್ಚರ, ಕಾರುಗಳೇ ತುಂಬಿದ ಇಲ್ಲಿನ ರಸ್ತೆಗಳಲ್ಲಿ ಮೆಲ್ಲನೆ ಅಳಿಸಿಹೋಗುತ್ತದೆ. ಅದರ ಮೇಲೆ ಕೈಯಲ್ಲಿ ಫೋನ್ ಬೇರೆ. ಗಂಟೆಗೆ 55 ಮೈಲಿ ವೇಗದಲ್ಲಿ ಐದು ಸೆಕೆಂಡ್ ಫೋನ್ ನೋಡಿದರೆ 400 ಅಡಿ ರಸ್ತೆಯನ್ನು ಕಣ್ಣು ಮುಚ್ಚಿ ದಾಟಿದಂತೆ.

ಕ್ಯಾಲಿಫೋರ್ನಿಯಾದಲ್ಲಿ ಎರಡು ಲೇನ್‌ಗಳ ನಡುವೆ ಬೈಕ್ ಓಡಿಸುವುದು ಕಾನೂನುಬದ್ಧ. ಕಾರು ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿಯುವುದು ಕಾನೂನುಬಾಹಿರ. ಮ್ಯಾಪ್ ನೋಡಲು ಹಿಡಿದರೂ ತಪ್ಪೇ ಎಂದು 2025ರ ಜೂನ್‌ನಲ್ಲಿ ಇಲ್ಲಿನ ಮೇಲ್ಮನವಿ ನ್ಯಾಯಾಲಯ ಸ್ಪಷ್ಟಪಡಿಸಿದೆ. 18 ತುಂಬದ ಮಕ್ಕಳು ಹ್ಯಾಂಡ್ಸ್-ಫ್ರೀ ಕೂಡ ಬಳಸುವಂತಿಲ್ಲ.

ಇಂಥ ಮಕ್ಕಳು ಲೈಸೆನ್ಸ್ ಪಡೆಯುವ ಮುನ್ನ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಕಾರು ಓಡಿಸಬೇಕು. ಆ ದೊಡ್ಡವರು ಬಹುತೇಕ ನಾವೇ. ಪ್ಯಾರಲಲ್ ಪಾರ್ಕಿಂಗ್ ಜೊತೆಗೆ ಇನ್ನೊಂದು ಪಾಠವನ್ನೂ ಹೇಳಿಕೊಡೋಣ. ಎಡಕ್ಕೆ ತಿರುಗುವ ಮುನ್ನ, ಲೇನ್ ಬದಲಿಸುವ ಮುನ್ನ "ಬೈಕ್ ಬರುತ್ತಿದೆಯಾ?" ಎಂದು ಬಾಯಿಬಿಟ್ಟು ಕೇಳಿಕೊಂಡು, ಇನ್ನೊಮ್ಮೆ ನೋಡುವುದು. ಹುಡುಕಿದರೆ ಮಾತ್ರ ಬೈಕ್ ಕಾಣುತ್ತದೆ. ಅದರ ಮೇಲಿರುವವರೂ ಯಾರದೋ ಮನೆಯ ಮಕ್ಕಳೇ ಅಲ್ಲವೇ?